ಐದಕ್ಕೆ ಎಷ್ಟು?

ಇವತ್ತು ದಾವಣಗೆರೆ ಮಂಡಕ್ಕಿ ಭಟ್ಟಿ ಕಡೆ ಸರ್ವೆ. 'ಸ್ಥಳೀಯ ನಾಯಕರು ನಿಮ್ಮ ಅಹವಾಲಿಗೆ ಸ್ಪಂದಿಸುತ್ತಾರೆ.' ಪೂರ್ತಿ ಒಪ್ಪುವೆ ಅನ್ನೋದರಿಂದ ಸುತರಾಂ ಒಪ್ಪಲ್ಲ ಅನ್ನೋವರೆಗೆ ಐದು ಮನೆ, ಒಂದಕ್ಕೆ ಟಿಕ್. 1932ರಲ್ಲಿ ಲಿಕರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಕೊಟ್ಟ ಅಳತೆಗೋಲು, ಇವತ್ತಿಗೂ ಅದೇ.

ಮಂಡಕ್ಕಿ ಜರಡಿ ಹಿಡಿದಿದ್ದ ಅಜ್ಜಿ ಕೈ ನಿಲ್ಲಿಸಲಿಲ್ಲ. "ಯಾವ ನಾಯಕ್ರವ್ವಾ? ಕಾರ್ಪೊರೇಟ್ರಾ, ನೀರು ಬಿಡೋ ಹುಡುಗನಾ?"

ಪಾಲಿಕೆಯ 45 ವಾರ್ಡಲ್ಲಿ ತನ್ನದು ಎಷ್ಟನೇದು ಅಂತ ಅಜ್ಜಿಗೆ ಗೊತ್ತಿಲ್ಲ. ನೀರಿನ ಹುಡುಗನ ಫೋನ್ ನಂಬರ್ ಮಾತ್ರ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿತ್ತು. ರಾತ್ರಿ ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ಆಟೋ ಕರೆಸೋದು ಓಣಿ ತುದಿಯ ಚಹಾದಂಗಡಿಯಾಕೆಯಂತೆ. "ಆಕೀಗೆ ಐದಕ್ಕೆ ಐದು ಹಾಕ್ಕೋ."

ಆಕೆ ಹೆಸರು ಬರೆಯೋಕೆ ನನ್ನ ಫಾರಂನಲ್ಲಿ ಜಾಗವೇ ಇಲ್ಲ.

ಅಷ್ಟರಲ್ಲಿ ಮಗ ಹೊರಗೆ ಬಂದ. ಪಕ್ಷದವರ ಜೊತೆ ಓಡಾಡೋ ಹುಡುಗ (ಶಲ್ಯ ನೋಡಿದ್ರೇ ಗೊತ್ತಾಗುತ್ತೆ). ಅಜ್ಜಿ ದನಿ ಇಳೀತು. "ಎಲ್ರೂ ಚಲೋನೇ ಅದಾರೆ, ಬರ್ಕೋ."

ಯಾವ ಉತ್ತರ ಬರ್ಕೊಳ್ಳಲಿ? 'ತಟಸ್ಥ'ಕ್ಕೆ ಟಿಕ್ ಹಾಕಿದೆ. ಹಾಗೆ ನಾವೇ ಹಾಕಬಾರದು ಅಂತ ಟ್ರೈನಿಂಗಲ್ಲಿ ಹತ್ತು ಸಲ ಹೇಳಿದ್ರು. ಎದ್ದು ಹೊರಟಾಗ ಅಜ್ಜಿ ನನ್ನ ದುಪಟ್ಟಾಕ್ಕೆ ಒಂದು ಬೊಗಸೆ ಬಿಸಿ ಮಂಡಕ್ಕಿ ಸುರೀತು.