ಅಮ್ಮನ ಮೇಲೆ ನಾನು ರೇಗಿದೆನಂತೆ

11 ನಿಮಿಷದ ಫೋನ್ ಕರೆಯಲ್ಲಿ ನಾನು ಆಡಿದ ವಾಕ್ಯಗಳು 64. ಅವುಗಳಲ್ಲಿ 41ಕ್ಕೆ ಕಂಪ್ಯೂಟರ್ ಅಂಟಿಸಿದ ಹಣೆಪಟ್ಟಿ ‘ಸಿಟ್ಟು’.

ಅಮ್ಮನನ್ನು ಕೇಳಿಯೇ ಆ ಕರೆಯನ್ನು ಧ್ವನಿಮುದ್ರಿಸಿಕೊಂಡಿದ್ದೆ. ದನಿಯಿಂದ ಭಾವವನ್ನು ಗುರುತಿಸುವ ತಂತ್ರಾಂಶವೊಂದಕ್ಕೆ ಒಪ್ಪಿಸಿ ನೋಡೋಣ ಎಂಬ ಚಪಲ. “ಬೆಳಗಿನ ಮಾತ್ರೆ ತೆಗೆದುಕೊಂಡೆಯಾ ಅಮ್ಮ?” ಸಿಟ್ಟು. “ಕನ್ನಡಕ ನಿನ್ನ ತಲೆಯ ಮೇಲೆಯೇ ಇರಬೇಕು, ಮುಟ್ಟಿ ನೋಡಿಕೋ.” ಸಿಟ್ಟು. ಅವಳ ಯಾವುದೋ ತಮಾಷೆಗೆ ಬಿದ್ದು ಬಿದ್ದು ನಕ್ಕು “ಅಯ್ಯೋ, ಸಾಕು ನಿಲ್ಲಿಸು” ಎಂದೆನಲ್ಲ, ಅದೂ ಸಿಟ್ಟೇ. ಅಮ್ಮನಿಗೆ 78 ವರ್ಷ, ಕಿವಿ ಮಂದ. ಅವಳೊಂದಿಗೆ ಮಾತನಾಡುವುದೆಂದರೆ ನನಗೆ ಗಂಟಲು ಹರಿದುಕೊಳ್ಳುವುದೇ.

ಯಂತ್ರದ ಪಾಲಿಗೆ ಈ ಗಂಟಲು ಹರಿದುಕೊಳ್ಳುವಿಕೆ ಸೆಕೆಂಡಿಗೆ 16,000 ಸಂಖ್ಯೆಗಳ ಒಂದು ಸಾಲು. ಸಾಮಾನ್ಯವಾಗಿ ಆ ಸಾಲನ್ನು 25 ಮಿಲಿಸೆಕೆಂಡಿನ ಚೂರುಗಳಾಗಿ ನೋಡುತ್ತಾರೆ. 10 ಮಿಲಿಸೆಕೆಂಡಿಗೊಂದು ಹೊಸ ಚೂರು, ಹಿಂದಿನದರ ಮೇಲೆ ಅರ್ಧಂಬರ್ಧ ಚಾಚಿಕೊಂಡು. ಧ್ವನಿತಂತುಗಳು ಎಷ್ಟು ಬೇಗ ಕಂಪಿಸುತ್ತಿವೆ, ಅಂದರೆ ಶ್ರುತಿ ಎಷ್ಟು, ದನಿಗೆ ಕಸುವೆಷ್ಟು, ಆ ಕಂಪನ ಒಂದೇ ಸಮನಾಗಿದೆಯೋ ತೊದಲುತ್ತಿದೆಯೋ, ಹೀಗೆ ಅಳತೆಗಳು. ಸಂಶೋಧಕರು 2016ರಲ್ಲಿ ಪ್ರಕಟಿಸಿದ ಇ-ಜಿಮ್ಯಾಪ್ಸ್ ಎಂಬ ಪಟ್ಟಿಯಲ್ಲಿ ಇಂಥ 88 ಇವೆ. ಈಚಿನ ವ್ಯವಸ್ಥೆಗಳು ಪಟ್ಟಿಯ ಹಂಗಿಲ್ಲದೆ ರಾಶಿ ರಾಶಿ ಮಾತು ಕೇಳಿ ತಾವೇ ಕಲಿಯುತ್ತವೆ.

ಇವೆಲ್ಲ ಸೇರಿ ಚೆನ್ನಾಗಿ ಹೇಳಬಲ್ಲದ್ದು ಒಂದನ್ನು: ಮಾತನಾಡುವವರು ಎಷ್ಟು ಬಿಗಿದುಕೊಂಡಿದ್ದಾರೆ ಎಂಬುದನ್ನು. ಸಿಟ್ಟಿನಲ್ಲಿಯೂ ಸಂಭ್ರಮದಲ್ಲಿಯೂ ಶ್ರುತಿ ಏರುತ್ತದೆ, ದನಿ ಜೋರಾಗುತ್ತದೆ. ದುಃಖದಲ್ಲಿಯೂ ಬೇಸರದಲ್ಲಿಯೂ ಎರಡೂ ಇಳಿಯುತ್ತವೆ. ಆ ಬಿಗಿತ ಹಿತದ್ದೋ ಅಹಿತದ್ದೋ ಎನ್ನುವುದು ಬರಿಯ ದನಿಯಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ನನ್ನ ನಗು ಸಿಟ್ಟಿನ ಬುಟ್ಟಿಗೆ ಬಿದ್ದದ್ದು ಹೀಗೆ.

ಧ್ವನಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಮತ್ತೆ ಕೊಟ್ಟರೆ ಯಂತ್ರ ಮೋಸಹೋಗಬಹುದು ಎಂದುಕೊಂಡೆ. ಹೋಗಲಿಲ್ಲ. ಕೂಗುವುದೆಂದರೆ ಪಿಸುಮಾತನ್ನು ದೊಡ್ಡದು ಮಾಡುವುದಲ್ಲವಲ್ಲ. ಕೂಗುವಾಗ ಧ್ವನಿತಂತುಗಳು ರಪ್ಪನೆ ಮುಚ್ಚಿಕೊಳ್ಳುತ್ತವೆ, ಮೇಲಿನ ಆವೃತ್ತಿಗಳಿಗೆ, ಅಂದರೆ ದನಿಯೊಳಗಿನ ವೇಗದ ಕಂಪನಗಳಿಗೆ, ಬಲ ಬರುತ್ತದೆ, ಸ್ವರಗಳು ಹಿಗ್ಗುತ್ತವೆ. ಎಷ್ಟು ಮೆಲ್ಲಗೆ ಕೇಳಿಸಿದರೂ ಕೂಗು ಕೂಗೇ. ಪಕ್ಕದ ಮನೆಯ ಜಗಳ ಗೋಡೆಯಾಚೆಯಿಂದ ಸಣ್ಣಗೆ ಕೇಳಿಸಿದರೂ ಜಗಳವೆಂದು ನಮಗೆ ಗೊತ್ತಾಗುವುದಿಲ್ಲವೇ?

ಹಣೆಪಟ್ಟಿ ಅಂಟಿಸುವ ಕೆಲಸವನ್ನು ಒಂದು ಕಾಲಕ್ಕೆ ನಾನೇ ಆರು ತಿಂಗಳು ಮಾಡಿದ್ದೇನೆ. ಯಂತ್ರಕ್ಕೆ ಕಲಿಸಲು ಗ್ರಾಹಕರ ಕರೆಗಳ ತುಣುಕುಗಳನ್ನು ಕೇಳಿ ಸಿಟ್ಟು, ಸಂತೋಷ, ದುಃಖ, ಸಹಜ ಎಂದು ಗುರುತಿಸುವುದು. ಒಂದೊಂದು ತುಣುಕಿಗೆ ಮೂವರು, ಬಹುಮತವೇ ಸತ್ಯ. ಒಬ್ಬ ಗಂಡಸು “ಓಹೋ, ಇನ್ನೂ ಹದಿನೈದು ದಿನವೇ? ಬಹಳ ಸಂತೋಷ” ಎಂದು ನಕ್ಕಿದ್ದ. ನಾನು ಸಿಟ್ಟು ಎಂದೆ, ಇನ್ನಿಬ್ಬರು ಸಂತೋಷ ಎಂದರು. ಆ ಯಂತ್ರದ ಪ್ರಕಾರ ಆ ಮನುಷ್ಯ ಇಂದಿಗೂ ಸಂತೋಷವಾಗಿದ್ದಾನೆ.

ನಟರಿಂದ ಆಡಿಸಿದ ಮಾತಿನದು ಇನ್ನೊಂದು ಕಥೆ. 2005ರಲ್ಲಿ ಪ್ರಕಟವಾದ, ಈ ಕ್ಷೇತ್ರದಲ್ಲಿ ಎಲ್ಲರೂ ಬಳಸಿ ಸವೆಸಿರುವ ಬರ್ಲಿನ್ನಿನ ಸಂಗ್ರಹದಲ್ಲಿ ಹತ್ತು ಮಂದಿ ನಟನಟಿಯರು ಜರ್ಮನ್ ಭಾಷೆಯ ಹತ್ತು ಸಪ್ಪೆ ವಾಕ್ಯಗಳನ್ನು ಬೇರೆ ಬೇರೆ ಭಾವಗಳಲ್ಲಿ ಹೇಳುತ್ತಾರೆ. ‘ಬಟ್ಟೆ ಫ್ರಿಜ್ಜಿನ ಮೇಲಿದೆ’ ಎಂಬುದಕ್ಕೆ ಅವರು ಗುಡುಗುತ್ತಾರೆ, ಬಿಕ್ಕುತ್ತಾರೆ, ನಡುಗುತ್ತಾರೆ. ಅರ್ಥ ದಾರಿತಪ್ಪಿಸಬಾರದೆಂದು ಬೇಕೆಂದೇ ಹಾಗೆ ಮಾಡಿದ್ದು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ನಾವು ಯಾರೂ ಹಾಗೆ ಸಿಟ್ಟಾಗುವುದಿಲ್ಲ. ಮೂರನೆಯ ಸಾಲಿನ ಪ್ರೇಕ್ಷಕರಿಗೆ ಕೇಳಿಸುವಂತೆ ಅಂತೂ ಅಲ್ಲ.

ನನ್ನ ಸಹಜ ಯಾವುದೆಂದು ತಿಳಿಯದೆ ನನ್ನ ಅತಿರೇಕ ಯಂತ್ರಕ್ಕೆ ತಿಳಿಯುವುದು ಹೇಗೆ? ಆಮ್ಸ್ಟರ್‌ಡ್ಯಾಮಿನ ಧ್ವನಿವಿಜ್ಞಾನಿಗಳಿಬ್ಬರು ರೂಪಿಸಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ಅಳೆದು ನೋಡಿದೆ. ಸಹೋದ್ಯೋಗಿಗಳೊಂದಿಗೆ ನನ್ನ ಶ್ರುತಿ ಸರಾಸರಿ 205 ಹರ್ಟ್ಸ್, ಅಂದರೆ ಸೆಕೆಂಡಿಗೆ 205 ಕಂಪನ; ಅಮ್ಮನೊಂದಿಗೆ 290. ಅಮ್ಮನೊಂದಿಗಿನ ಹಳೆಯ ಕರೆಗಳ ಸರಾಸರಿಯನ್ನೇ ನೆಲವೆಂದು ಹಿಡಿದು ಲೆಕ್ಕ ಹಾಕಿಸಿದಾಗ ಸಿಟ್ಟಿನ ವಾಕ್ಯಗಳು 41ರಿಂದ 6ಕ್ಕೆ ಇಳಿದವು. ನನಗೆ ಆ ಸವಲತ್ತು ಇತ್ತು. ಕಚೇರಿಯಲ್ಲಿ ಯಾರದೋ ಪರದೆಯ ಮೇಲೆ ಕೆಂಪು ಪಟ್ಟಿಯಾಗಿ ಕಾಣುವ, ಹುಟ್ಟಾ ಜೋರುದನಿಯ ನೌಕರನಿಗೆ ಇರುವುದಿಲ್ಲ. ಕೆಲಸದ ಜಾಗದಲ್ಲಿಯೂ ಶಾಲೆ ಕಾಲೇಜುಗಳಲ್ಲಿಯೂ ಹೀಗೆ ಯಂತ್ರದಿಂದ ಭಾವ ಊಹಿಸುವುದನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ನನ್ನ ಮತ ಆ ನಿಷೇಧಕ್ಕೇ.

ಮುಂದಿನ ವಾರ ಅಮ್ಮನ ಎದುರು ಕುಳಿತು ಇದೆಲ್ಲವನ್ನೂ ಕೂಗಿ ಹೇಳಿದೆ. ಅವಳು ನಕ್ಕಳು. “ನಿನಗೆ ಸಿಟ್ಟು ಬಂದರೆ ದನಿ ತಗ್ಗುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ. ಅವತ್ತು ಫೋನ್ ಇಡುವಾಗ ಬಂದಿತ್ತಲ್ಲ.”

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಆವೃತ್ತಿಗಳನ್ನು. ಸ, ಶ ಮುಂತಾದ ವ್ಯಂಜನಗಳು ಅಲ್ಲಿಯೇ ಇರುವುದು. ಅವು ಹೋದರೆ ಪದಗಳು ಮಸುಕಾಗುತ್ತವೆ. ಹಳೆಯ ದೂರವಾಣಿ ಜಾಲವಂತೂ 3,400 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿಯೇ ಕಳಿಸುತ್ತದೆ. 300ಕ್ಕಿಂತ ಕೆಳಗಿನದೂ ದಾಟುವುದಿಲ್ಲ, ಆದರೆ ಶ್ರುತಿಯ ಎರಡರಷ್ಟು, ಮೂರರಷ್ಟು ವೇಗದಲ್ಲಿ ಜೊತೆಗೇ ಮೊಳಗುವ ಮೇಲಿನ ಕಂಪನಗಳಿಂದ ಮಿದುಳು ಶ್ರುತಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಮ್ಮನಿಗೆ ನನ್ನ ಪದಗಳು ತಲುಪದಿದ್ದರೂ ರಾಗ ತಲುಪುತ್ತಿದ್ದಿರಬೇಕು.

ಮನೆಗೆ ಬಂದು ಕಡತ ತೆರೆದೆ. ಅಂದು ಶ್ರವಣಯಂತ್ರ ಹಾಕಿಕೋ ಎಂದು ಮೂರು ಸಲ ಹೇಳಿದ್ದೆ. ಅದು ಒಂದು ವರ್ಷದಿಂದ ಮೇಜಿನ ಖಾನೆಯಲ್ಲಿದೆ. ಮೂರು ಸಲವೂ ಅವಳು “ನಾಳೆ ನೋಡೋಣ” ಎಂದಿದ್ದಳು. ಅದಾದ ಮೇಲೆ ನನ್ನ 64ನೆಯ ವಾಕ್ಯ: “ಸರಿ, ಇಡುತ್ತೇನೆ.” 178 ಹರ್ಟ್ಸ್. ಎದುರಿಗೆ ಯಂತ್ರದ ಹಣೆಪಟ್ಟಿ ‘ಶಾಂತ’.