ಸೋರೆ ಹೂ ಅರಳುವವರೆಗೆ

ಬದನೆ ಬೀಜದ ಪೊಟ್ಟಣವನ್ನು ಪೂರ್ತಿ ಸುರಿದು ಒಟ್ಲು ಬಿಟ್ಟಿದ್ದೇ ಇದಕ್ಕೆಲ್ಲ ಮೂಲ. ನನಗೆ ಬೇಕಿದ್ದದ್ದು ನಾಲ್ಕು ಗಿಡ, ಎದ್ದದ್ದು ಐವತ್ತಕ್ಕೂ ಹೆಚ್ಚು. ಕಿತ್ತು ಎಸೆಯಲು ಮನಸ್ಸು ಬರಲಿಲ್ಲ. ಹಾಲಿನ ಕವರುಗಳಿಗೆ ಮಣ್ಣು ತುಂಬಿ, ಒಂದೊಂದರಲ್ಲಿ ಎರಡೆರಡು ಪೈರು ನೆಟ್ಟು, ಕಾಂಪೌಂಡ್ ಮೇಲೆ ಸಾಲಾಗಿ ಇಟ್ಟೆ. ‘ಬೇಕಾದವರು ತಗೊಂಡು ಹೋಗಿ’ ಅಂತ ಒಂದು ರಟ್ಟಿನ ಮೇಲೆ ಬರೆದೆ. ಸಂಜೆಗೆ ಅರ್ಧ ಖಾಲಿ. ಮರುದಿನ ಬೆಳಗ್ಗೆ ನೋಡಿದರೆ, ಖಾಲಿಯಾದ ಜಾಗದಲ್ಲಿ ಯಾರೋ ಒಂದು ಹಿಡಿ ಬಸಳೆ ಕಡ್ಡಿ ಇಟ್ಟು ಹೋಗಿದ್ದರು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿತ್ತು.

ಆ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಕಡ್ಡಿ ಬಾಡಬಾರದು ಅಂತ ಇಷ್ಟು ಕಾಳಜಿ ಮಾಡುವವರು ಇದೇ ಬೀದಿಯಲ್ಲಿದ್ದಾರೆ. ತುಮಕೂರಿಗೆ ಬಂದು ಹನ್ನೊಂದು ವರ್ಷವಾದರೂ ಅವರ ಮುಖ ನನಗೆ ಗೊತ್ತಿಲ್ಲ.

ಹಾಲಿನ ಬೂತಿನ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ತಾರಸಿಗೆ ಬನ್ನಿ, ಮನೆಯಲ್ಲಿ ಹೆಚ್ಚಾದ ಬೀಜ, ಕಡ್ಡಿ, ಸಸಿ ಇದ್ದರೆ ತನ್ನಿ, ಇಲ್ಲದಿದ್ದರೆ ಬರಿಗೈಲೇ ಬನ್ನಿ ಅಂತ.

ನನ್ನನ್ನೂ ಸೇರಿ ಏಳು ಜನ ಆದೆವು. ಆಗಸ್ಟ್ ತಿಂಗಳು, ಮೋಡ ಕವಿದಿತ್ತು, ಮಳೆ ಇರಲಿಲ್ಲ. ಮೊದಲ ಅರ್ಧ ಗಂಟೆ ಕಷ್ಟವಾಯಿತು. ಎಲ್ಲರೂ ಕಾಫಿ ಲೋಟ ಹಿಡಿದುಕೊಂಡು ಕುಂಡಗಳನ್ನೇ ನೋಡುತ್ತಿದ್ದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು, ‘ಸಂಘ ಮಾಡಿಬಿಡೋಣ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಇದ್ದರೆ ಸಾಕು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ವರ್ಷಕ್ಕೆ ಇಷ್ಟು ಅಂತ ಚಂದಾ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಬೇಡವಾಗಿತ್ತು, ಬೇಡ ಅಂತಲೇ ಹೇಳಿದೆ. ದುಡ್ಡು ಸೇರಿದರೆ ಲೆಕ್ಕ ಬರುತ್ತದೆ, ಲೆಕ್ಕ ಬಂದರೆ ಬಸಳೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿದವರು ಬಾಯಿ ಬಿಡದೆ ಹಿಂದಿನ ಸಾಲಿನಲ್ಲಿ ಕೂತುಬಿಡುತ್ತಾರೆ. ಆ ಹಿರಿಯರಿಗೆ ಬೇಜಾರಾಯಿತು. ಮತ್ತೆ ಮೌನ.

ಆ ಮೌನದಲ್ಲಿ ಎದ್ದು ಸೋರೆ ಬಳ್ಳಿಯ ಹತ್ತಿರ ಹೋದವರು ಒಬ್ಬ ಅಜ್ಜಿ. ಕೊರಟಗೆರೆ ಕಡೆಯವರು, ಮಗನ ಮನೆಯಲ್ಲಿ ಇದ್ದಾರೆ. ಬಳ್ಳಿಯ ಬುಡದಲ್ಲಿ ಉದುರಿ ಬಿದ್ದಿದ್ದ ಹೆಬ್ಬೆರಳುದ್ದದ ಹಳದಿ ಪಿಂದೆಗಳನ್ನು ಆರಿಸಿಕೊಂಡು ಬಂದು ಅಂಗೈಯಲ್ಲಿ ತೋರಿಸಿದರು.

‘ಇದ್ಯಾಕವ್ವ ಹಿಂಗಾಗೈತೆ?’

ಅದೇ ನನ್ನ ಸಂಕಟ. ಬೇವಿನ ಹಿಂಡಿ, ಹೊಂಗೆ ಹಿಂಡಿ, ಕೊಟ್ಟಿಗೆ ಗೊಬ್ಬರ ಎಲ್ಲ ಹಾಕಿದ್ದೆ. ಬೋರಿನ ನೀರು ಗಡಸು, ಕುಂಡದ ಅಂಚಿಗೆಲ್ಲ ಬಿಳಿ ಪೊರೆ ಕಟ್ಟುತ್ತೆ ಅಂತ ಡ್ರಮ್ಮಿನಲ್ಲಿ ಮಳೆನೀರು ಹಿಡಿದು ಹಾಕಿದ್ದೆ. ಪಿಂದೆ ಕಚ್ಚುತ್ತಿತ್ತು, ಮೂರು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು.

‘ಗೊಬ್ಬರದ್ದಲ್ಲ ಕಣವ್ವ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಿಲ್ಲ. ಹೊಲದಾಗೆ ರಾತ್ರಿ ಚಿಟ್ಟೆ ಬತ್ತವೆ. ಈ ಎತ್ತರಕ್ಕೆ, ಈ ಲೈಟಿನಾಗೆ ಯಾವ್ದು ಬತ್ತದೆ? ನಾವೇ ಮುಟ್ಟಿಸ್ಬೇಕು. ಹೂ ಅರಳ್ಲಿ, ತೋರಿಸ್ತೀನಿ.’

ಸೋರೆ ಹೂ ಅರಳುವುದು ಇಳಿಹೊತ್ತಿನಲ್ಲಿ. ಆಗಿನ್ನೂ ಐದು ಗಂಟೆಯೂ ಆಗಿರಲಿಲ್ಲ. ಹೋಗಲು ಎದ್ದಿದ್ದವರೂ ಕೂತರು.

ನಮ್ಮ ಗುಂಪು ಹುಟ್ಟಿದ್ದು ಆ ಕಾಯುವಿಕೆಯಲ್ಲಿ. ಹೂ ಅರಳುವ ತನಕ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ ತನ್ನ ಅವರೆ ಬಳ್ಳಿಯ ಕಥೆ ಹೇಳಿದ. ಸಂಕ್ರಾಂತಿಯ ಹೊತ್ತಿಗೆ ಸೊಗಡು ಅವರೆಯ ರುಚಿಗೆ ಮರುಳಾಗಿ, ಊರಿನಿಂದ ಬೀಜ ತಂದು ಫೆಬ್ರವರಿಯಲ್ಲಿ ನೆಟ್ಟನಂತೆ. ಬಳ್ಳಿ ಬಾಲ್ಕನಿಯ ಕಂಬಿಯನ್ನೆಲ್ಲ ಮುಚ್ಚಿತು, ಒಂದು ಹೂ ಬಿಡಲಿಲ್ಲ. ಮೇ ತಿಂಗಳಲ್ಲಿ ಸಿಟ್ಟಿನಿಂದ ಕಿತ್ತು ಹಾಕಿದ.

‘ಅಯ್ಯೋ, ಕಿತ್ತುಬಿಟ್ಯಾ’ ಅಂದರು ವಿಜ್ಞಾನದ ಮೇಷ್ಟ್ರು. ನಾಟಿ ಅವರೆ ಹಗಲು ಕುಗ್ಗದೆ ಹೂ ಬಿಡುವುದಿಲ್ಲ, ಬೇಸಿಗೆಯ ಉದ್ದ ಹಗಲಿನಲ್ಲಿ ಬರೀ ಸೊಪ್ಪು ಬೆಳೆಸುತ್ತದೆ. ಅದಕ್ಕೇ ನಮ್ಮ ಕಡೆ ಮಳೆಗಾಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಾರೆ, ಚಳಿಗಾಲಕ್ಕೆ ಕಾಯಿ. ವರ್ಷವಿಡೀ ಬೇಕೆಂದರೆ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆಯಂಥ ತಳಿ ಹಾಕಬೇಕು ಅಂದರು. ಆ ಹುಡುಗ ಮುಖ ಕೆಳಗೆ ಹಾಕಿ, ‘ನಾನು ಬೀಜದ ತಪ್ಪು ಅನ್ಕೊಂಡಿದ್ದೆ ಸರ್’ ಅಂದ. ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಬಾಡಿಗೆ ಮನೆಯ ಒಬ್ಬಾಕೆ ಇಡೀ ಹೊತ್ತು ಸುಮ್ಮನಿದ್ದರು. ಅವರ ಓನರು ತಾರಸಿಗೆ ಬಿಡುವುದಿಲ್ಲ, ಕಿಟಕಿಯ ಕಟ್ಟೆ ಮೇಲೆ ನಾಲ್ಕು ಎಣ್ಣೆ ಡಬ್ಬ, ಅಷ್ಟೇ ಅವರ ತೋಟ. ಕೊನೆಗೆ ಸೆರಗಿನ ಗಂಟು ಬಿಚ್ಚಿ ಕನಕಾಂಬರದ ಒಣ ತೆನೆ ತೆಗೆದರು. ಒಂದು ತೆನೆಯನ್ನು ನೀರಿನ ಲೋಟಕ್ಕೆ ಅದ್ದಿ ನೆಲದ ಮೇಲಿಟ್ಟರು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಟಪ್ ಅಂತ ಒಂದು ಕಾಯಿ ಸಿಡಿದು ಬೀಜ ಮೇಷ್ಟ್ರ ಕನ್ನಡಕಕ್ಕೆ ಹಾರಿತು. ಟಪ್, ಟಪ್ ಅಂತ ಮತ್ತೆರಡು. ಸಂಘದ ಮಾತೆತ್ತಿದ್ದ ಹಿರಿಯರು ಮಂಡಿಯೂರಿ ಬೀಜ ಆರಿಸತೊಡಗಿದರು. ಹೋಗುವಾಗ ಬಾಗಿಲಲ್ಲಿ ಆಕೆಯನ್ನು ಕೇಳಿದೆ. ಹೌದು, ಬಸಳೆ ಕಡ್ಡಿ ಅವರದ್ದೇ.

ಆರು ಗಂಟೆ ದಾಟಿದ ಮೇಲೆ ಮೊಗ್ಗುಗಳ ತುದಿ ಸಡಿಲವಾಯಿತು. ನೋಡುನೋಡುತ್ತಲೇ ಸುಕ್ಕು ಸುಕ್ಕಾದ ಬಿಳಿ ದಳ ಬಿಚ್ಚಿಕೊಂಡವು, ತೆಳ್ಳಗೆ, ತೊಳೆದ ಮಲ್ ಬಟ್ಟೆಯ ಹಾಗೆ. ಉದ್ದ ತೊಟ್ಟಿನ ತುದಿಗೆ ಬರೀ ಹೂವಿದ್ದರೆ ಗಂಡು. ಹೂವಿನ ಕೆಳಗೆ ನವಿರು ರೋಮದ ಪುಟ್ಟ ಸೋರೆಕಾಯಿಯೇ ಇದ್ದರೆ ಹೆಣ್ಣು. ದಿನಾ ನೀರು ಹಾಕುವ ನಾನು ಇದನ್ನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅಜ್ಜಿ ಒಂದು ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಒಳಗಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒರೆಸಿದರು, ಮಗುವಿನ ಹಣೆಗೆ ವಿಭೂತಿ ಇಟ್ಟಷ್ಟು ಹಗುರವಾಗಿ. ಎರಡನೆಯದನ್ನು ನನ್ನ ಕೈಯಲ್ಲಿ ಮಾಡಿಸಿದರು. ಮೇಷ್ಟ್ರು ಗುರುತಿಗೆ ಎರಡರ ತೊಟ್ಟಿಗೂ ಕೆಂಪು ದಾರ ಕಟ್ಟಿದರು.

ಆ ವಾರವೆಲ್ಲ ಒಬ್ಬರಲ್ಲ ಒಬ್ಬರು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು: ‘ನಿಂತಿತಾ?’ ನಾಲ್ಕನೇ ದಿನಕ್ಕೆ ಎರಡೂ ತೊಟ್ಟು ಬಾಗಿಸಿಕೊಂಡು ಹಸಿರಾಗಿ ಊದಿದವು. ಒಂದನ್ನು ಎಳೆಯದಾಗಿರುವಾಗಲೇ ಕೊಯ್ದೆವು. ಎರಡನೇ ಭೇಟಿ ಅಜ್ಜಿಯ ಮಗನ ಮನೆಯಲ್ಲಿ ಆಯಿತು, ಅಲ್ಲಿ ಅದರ ಪಲ್ಯವಾಯಿತು. ಇನ್ನೊಂದನ್ನು ಅಜ್ಜಿ ಮುಟ್ಟಗೊಡಲಿಲ್ಲ. ‘ಬೀಜಕ್ಕೆ ಬಿಡವ್ವ’ ಅಂದರು.

ಅದು ಬಳ್ಳಿಯಲ್ಲೇ ಬಲಿತು, ಬಳ್ಳಿ ಒಣಗಿದ ಮೇಲೂ ನೇತಾಡಿತು. ಸಿಪ್ಪೆ ಮರದಂತೆ ಗಟ್ಟಿಯಾಯಿತು. ಡಿಸೆಂಬರಿನ ಭೇಟಿಗೆ ಅದನ್ನು ಕೆಳಗಿಳಿಸಿ ಅಜ್ಜಿಯ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಳಗೆ ಗಲಗಲ ಅಂದಿತು. ಕೆಂಪು ದಾರ ಬಣ್ಣಗೆಟ್ಟು ಇನ್ನೂ ತೊಟ್ಟಿನಲ್ಲೇ ಇತ್ತು. ಆ ಹುಡುಗ ಹಳೇ ಪೇಪರ್ ಹರಿದು ಏಳು ಪೊಟ್ಟಣ ಮಡಚಿದ. ಬಾಡಿಗೆ ಮನೆಯಾಕೆ, ‘ನನ್ನ ಕಿಟಕಿಗೆ ಸೋರೆ ಎಲ್ಲಿ ಹಬ್ಬಿಸಲಿ’ ಅಂದರು. ಸಂಘದ ಹಿರಿಯರು ತಕ್ಷಣ ಹೇಳಿದರು: ‘ನಮ್ಮ ತಾರಸಿಗೆ ಬಂದು ಹಾಕಮ್ಮ, ಚಪ್ಪರ ನಾನು ಕಟ್ತೀನಿ.’