ನೆಲಮಾಳಿಗೆಯ ಹಾಡುಗಳು

ಅಮೆರಿಕದ ಗಾಯಕ ಪ್ರಿನ್ಸ್‌ನ ಹಾಡನ್ನು ನಾನು ಮೊದಲು ಕೇಳಿದ್ದು ಅರ್ಧ ಮಾತ್ರ. ಮೈಸೂರಿನ ಹಾಸ್ಟೆಲ್‌ನಲ್ಲಿದ್ದ ಕಾಲ. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಡುವ ಅಂಗಡಿಗಳು ಆಗ ಇದ್ದವು. ಸೀನಿಯರ್ ಒಬ್ಬರು ಹಾಗೆ ಮಾಡಿಸಿಕೊಂಡು ಬಂದಿದ್ದ 60 ನಿಮಿಷದ ಕ್ಯಾಸೆಟ್ ಅದು. ಬಿ ಸೈಡಿನ ಕೊನೆಗೆ ‘ಪರ್ಪಲ್ ರೇನ್’ ಇತ್ತು. ಗಿಟಾರ್ ಏರುತ್ತಾ ಏರುತ್ತಾ ಹೋಗುವಾಗ ಟಕ್ ಅಂತ ಬಟನ್ ಮೇಲೆದ್ದು ಬಿಡುತ್ತಿತ್ತು. ಟೇಪ್ ಮುಗಿಯಿತು.

ಉಳಿದದ್ದು ಏನಿರಬಹುದು? ಎರಡು ವರ್ಷ ಅದನ್ನೇ ಯೋಚಿಸಿದ್ದೇನೆ. ಒಂದು ರಾತ್ರಿ ಡ್ರಮ್ಸ್ ಜೋರಾಗಿ ಮುಗಿಯುತ್ತೆ ಅನ್ನಿಸುತ್ತಿತ್ತು. ಇನ್ನೊಂದು ರಾತ್ರಿ ಎಲ್ಲಾ ನಿಂತು ಅವನ ದನಿ ಒಂದೇ ಉಳಿಯುತ್ತೆ ಅನ್ನಿಸುತ್ತಿತ್ತು. ಕಡೆಗೆ ಬೇರೆಯವರ ಮನೆಯಲ್ಲಿ ಪೂರ್ತಿ ಕೇಳಿದೆ. ಎಂಟೂ ಮುಕ್ಕಾಲು ನಿಮಿಷದ ಹಾಡು. ಕೊನೆಯಲ್ಲಿ ಇದ್ದದ್ದು ಪಿಟೀಲುಗಳು, ಅದರ ನಡುವೆ ಹನಿ ಹನಿಯಾಗಿ ಪಿಯಾನೋ. ನಾನು ಅಂದುಕೊಂಡಿದ್ದು ಒಂದೂ ಅಲ್ಲ. ಆದರೂ ಆ ಎರಡು ವರ್ಷ ನನಗೆ ದಂಡ ಅನ್ನಿಸಲೇ ಇಲ್ಲ.

ಈಗ ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ, ಈಡನ್ ಪ್ರೇರಿ ಎಂಬ ಊರಲ್ಲಿ. ಪಕ್ಕದ ಊರು ಚಾನ್‌ಹ್ಯಾಸೆನ್. ಪ್ರಿನ್ಸ್‌ನ ಮನೆಯೂ ಸ್ಟುಡಿಯೋವೂ ಆಗಿದ್ದ ಪೇಸ್ಲಿ ಪಾರ್ಕ್ ಇರುವುದು ಅಲ್ಲೇ. ಕಾರಲ್ಲಿ ಹೋದರೆ ಹೆಚ್ಚೆಂದರೆ ಕಾಲು ಗಂಟೆ. 2016ರ ಏಪ್ರಿಲ್ 21ರಂದು ಅವನು ಅದೇ ಕಟ್ಟಡದ ಲಿಫ್ಟಿನಲ್ಲಿ ತೀರಿಕೊಂಡ. 57 ವರ್ಷವಾಗಿತ್ತು. ಅವತ್ತು ಸಂಜೆ ಬೇಲಿಯ ಹತ್ತಿರ ಹೋಗಿ ಜನರ ನಡುವೆ ನಿಂತು ಬಂದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಳಗೆ ನೋಡಲು ಬಿಟ್ಟರು. ನನಗೆ ಮಾತ್ರ ಹೋಗೋಕೆ ಮನಸ್ಸೇ ಬರಲಿಲ್ಲ. ಅವನಿಲ್ಲದ ಮನೆಗೆ ಟಿಕೆಟ್ ತಗೊಂಡು ಹೋಗುವುದು ಹೇಗೆ ಅಂತ.

ಕಳೆದ ಏಪ್ರಿಲ್‌ನಲ್ಲಿ ಹೆಂಡತಿಯೇ ಟಿಕೆಟ್ ತೆಗೆದುಬಿಟ್ಟಳು. “ರೀ, ಬೇಲಿ ನೋಡಿದ್ದು ಸಾಕು. ಈ ಶನಿವಾರ ಒಳಗೆ ಹೋಗೋಣ.”

ಹೊರಗಿನಿಂದ ನೋಡಿದರೆ ಅದು ಯಾವುದೋ ಔಷಧಿ ಫ್ಯಾಕ್ಟರಿಯ ಹಾಗಿದೆ. ಬಿಳಿ ಗೋಡೆ, ಕಿಟಕಿಯೇ ಕಾಣದ ದೊಡ್ಡ ದೊಡ್ಡ ಡಬ್ಬಗಳು. 65,000 ಚದರಡಿ. 1987ರಲ್ಲಿ ಶುರುವಾದಾಗ 1 ಕೋಟಿ ಡಾಲರ್ ಖರ್ಚಾಗಿತ್ತಂತೆ. ರಸ್ತೆ ಪಕ್ಕದಲ್ಲಿ ಹಳೇ ಹಿಮ ಇನ್ನೂ ಕರಗಿರಲಿಲ್ಲ, ಮಣ್ಣು ಮೆತ್ತಿಕೊಂಡು ಬೂದಿಯ ಗುಡ್ಡೆಯ ಹಾಗೆ ಬಿದ್ದಿತ್ತು. ಬಾಗಿಲಲ್ಲೇ ನಮ್ಮ ಫೋನುಗಳನ್ನು ಒಂದು ಚೀಲಕ್ಕೆ ಹಾಕಿ, ಚೀಲಕ್ಕೆ ಬೀಗ ಹಾಕಿ ನಮ್ಮ ಕೈಗೇ ಕೊಟ್ಟರು. ಫೋಟೋ ಇಲ್ಲ, ಏನಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಫೋನ್ ಇಲ್ಲದಿದ್ದರೆ ಜನ ಮಾತಾಡುತ್ತಾರೆ.

ಹಾಗೆ ಮಾತಿಗೆ ಸಿಕ್ಕವರು ನಮ್ಮ ಮುಂದೆ ನಿಂತಿದ್ದ ಒಬ್ಬ ಅಜ್ಜಿ. ಮಿನಿಯಾಪೊಲಿಸ್‌ನವರೇ. ಎಪ್ಪತ್ತರ ಆಸುಪಾಸು. ಕೈಯಲ್ಲಿ ತಂತಿ ಸುತ್ತಿದ ಒಂದು ನೋಟ್‌ಬುಕ್ ಇತ್ತು, ಅಂಚೆಲ್ಲಾ ಮೆತ್ತಗಾಗಿತ್ತು. ಏನದು ಅಂತ ಕೇಳಿದ್ದೇ ತಡ, ತೆಗೆದು ತೋರಿಸಿದರು. ಪುಟದ ತುಂಬಾ ಪೆನ್ಸಿಲ್‌ನಲ್ಲಿ ಹಾಡುಗಳ ಹೆಸರು. ಎಲ್ಲವೂ ಪ್ರಿನ್ಸ್ ರೆಕಾರ್ಡ್ ಮಾಡಿ ಬಿಡುಗಡೆ ಮಾಡದೇ ಇಟ್ಟ ಹಾಡುಗಳು. ಅಲ್ಲಿ ಇಲ್ಲಿ ಓದಿದ್ದು, ಯಾರೋ ಸಂದರ್ಶನದಲ್ಲಿ ಹೇಳಿದ್ದು, ಹೆಸರಷ್ಟೇ ಗೊತ್ತಿರುವುದು. ಪ್ರತಿ ಹೆಸರಿನ ಪಕ್ಕ ಒಂದೆರಡು ಪದದ ಊಹೆ. ನಿಧಾನದ್ದೋ ಜೋರಿನದ್ದೋ, ಯಾರ ಬಗ್ಗೆ ಇರಬಹುದು, ಯಾವ ಆಲ್ಬಮ್‌ಗೆ ಅಂತ ಮಾಡಿದ್ದಿರಬಹುದು. ಹಾಡು ಹೊರಗೆ ಬಂದ ಮೇಲೆ ಅದರ ಮುಂದೆ ನೇರಳೆ ಪೆನ್ನಿನಲ್ಲಿ ಒಂದು ಟಿಕ್.

‘ಕ್ಯಾನ್ ಐ ಪ್ಲೇ ವಿತ್ ಯು’ ಮುಂದೆ ಟಿಕ್ ಬಿದ್ದಿತ್ತು. ಪ್ರಿನ್ಸ್ ಕಳಿಸಿದ ಟೇಪಿನ ಮೇಲೆ ಜಾಜ್ ದಿಗ್ಗಜ ಮೈಲ್ಸ್ ಡೇವಿಸ್ ಟ್ರಂಪೆಟ್ ನುಡಿಸಿದ ಹಾಡು ಅದು. ಮೈಲ್ಸ್‌ನ 1986ರ ಆಲ್ಬಮ್‌ಗೆ ಸೇರಬೇಕಿತ್ತು, ಪ್ರಿನ್ಸ್ ಬೇಡ ಅಂದ. ಅಧಿಕೃತವಾಗಿ ಹೊರಗೆ ಬರೋಕೆ 2020 ಆಯಿತು. ಅಷ್ಟು ಹೊತ್ತಿಗೆ ಇಬ್ಬರೂ ಇರಲಿಲ್ಲ.

“ಇಷ್ಟೊಂದು ಹಾಡು ಯಾಕ್ರೀ ಒಳಗೇ ಉಳೀತು?” ಅಂತ ಹೆಂಡತಿ ನನ್ನನ್ನು ಕೇಳಿದಳು.

ಅದಕ್ಕೆ ಕಾರಣ ಸರಳ. ಅವನು ಹಾಡು ಮಾಡುತ್ತಿದ್ದ ವೇಗ ಬೇರೆ, ಅವನ ರೆಕಾರ್ಡ್ ಕಂಪನಿ ಹಾಡು ಮಾರುತ್ತಿದ್ದ ವೇಗ ಬೇರೆ. ಹೆಚ್ಚಿನ ವಾದ್ಯ ತಾನೇ ನುಡಿಸಿ, ತಾನೇ ಹಾಡಿ, ಎಷ್ಟೋ ಸಲ ಒಂದೇ ದಿನದಲ್ಲಿ ಹಾಡು ಮುಗಿಸಿ ಎದ್ದುಬಿಡುತ್ತಿದ್ದ. 1986ರಲ್ಲಿ ‘ಡ್ರೀಮ್ ಫ್ಯಾಕ್ಟರಿ’ ಅಂತ ಒಂದು ಆಲ್ಬಮ್ ಕಟ್ಟಿದ, ಬಿಟ್ಟ. ‘ಕಮೀಲ್’ ಅಂತ ಇನ್ನೊಂದು, ಅದನ್ನೂ ಬಿಟ್ಟ. ಎಲ್ಲಾ ಸೇರಿಸಿ ಮೂರು ಎಲ್‌ಪಿಯ, ಅಂದರೆ ಮೂರು ಗ್ರಾಮಫೋನ್ ತಟ್ಟೆಯ, ‘ಕ್ರಿಸ್ಟಲ್ ಬಾಲ್’ ಮಾಡಿದ. ಕಂಪನಿ ಅಷ್ಟುದ್ದ ಬೇಡ ಅಂದಿತು. ಅದನ್ನು ಕಡಿಮೆ ಮಾಡಿ ಎರಡು ಎಲ್‌ಪಿಗೆ ತಂದಾಗ 1987ರ ‘ಸೈನ್ ಓ ದ ಟೈಮ್ಸ್’ ಆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ‘ಬ್ಲ್ಯಾಕ್ ಆಲ್ಬಮ್’ ಅಚ್ಚಾಗಿ ಅಂಗಡಿಗೆ ಹೋಗುವ ಒಂದು ವಾರದ ಮೊದಲು ತಾನೇ ತಡೆದ. ಎರಡು ವರ್ಷದಲ್ಲಿ ಇಷ್ಟು ಕಟ್ಟಿ ಕೆಡವುವ ಮನುಷ್ಯನ ಮನೆಯಲ್ಲಿ ಟೇಪು ರಾಶಿ ಬೀಳದೆ ಇರುತ್ತಾ?

ಆ ರಾಶಿಗೆ ಒಂದು ಜಾಗ ಮಾಡಿದವರು ಸೂಸನ್ ರೋಜರ್ಸ್. 1983ರಿಂದ 1987ರವರೆಗೆ ಅವನ ಸೌಂಡ್ ಇಂಜಿನಿಯರ್. ಅಲ್ಲಲ್ಲಿ ಚದುರಿದ್ದ ಟೇಪುಗಳನ್ನು ಹುಡುಕಿ ತರಿಸಿ, ಒಂದು ಕಡೆ ಜೋಡಿಸಿದರು. ಮುಂದೆ ಅದೇ ‘ವಾಲ್ಟ್’ ಆಯಿತು. ಪೇಸ್ಲಿ ಪಾರ್ಕಿನ ನೆಲಮಾಳಿಗೆಯಲ್ಲಿ, ಬ್ಯಾಂಕಿನ ಸ್ಟ್ರಾಂಗ್ ರೂಮಿನಂಥ ಬಾಗಿಲಿನ ಹಿಂದೆ. ಬಾಗಿಲಿನ ಗುಟ್ಟು ಗೊತ್ತಿದ್ದದ್ದು ಪ್ರಿನ್ಸ್‌ಗೆ ಮಾತ್ರ. ಅವನು ಉಯಿಲು ಬರೆದಿರಲಿಲ್ಲ. ಹೋದ ಮೇಲೆ ಡ್ರಿಲ್ ಹಾಕಿ ತೆಗೆಯಬೇಕಾಯಿತು. 2017ರಲ್ಲಿ ಟೇಪುಗಳನ್ನೆಲ್ಲಾ ಕ್ಯಾಲಿಫೋರ್ನಿಯಾದ ಒಂದು ಉಗ್ರಾಣಕ್ಕೆ ಸಾಗಿಸಿದರು. ಒಳಗೆ ಎಷ್ಟಿತ್ತು ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ವರ್ಷಕ್ಕೊಂದು ಆಲ್ಬಮ್ ತಂದರೂ ನೂರು ವರ್ಷಕ್ಕೆ ಸಾಕು ಅನ್ನುವವರೂ ಇದ್ದಾರೆ.

ನಮ್ಮ ಟೂರ್‌ನಲ್ಲಿ ನೆಲಮಾಳಿಗೆ ಇರಲಿಲ್ಲ. ಸ್ಟುಡಿಯೋ ‘ಎ’ಗೆ ಕರೆದುಕೊಂಡು ಹೋದರು. ಮರದ ಗೋಡೆ, ದೊಡ್ಡ ಮಿಕ್ಸಿಂಗ್ ಕನ್ಸೋಲ್. ಗೈಡ್ ಒಂದು ತುಣುಕು ಹಾಕಿದರು. ಬರೀ ವಾದ್ಯ, ಮಾತಿಲ್ಲ. ಒಂದು ನಿಮಿಷವೂ ಇರಲಿಲ್ಲವೇನೋ. ಬೇಸ್ ಗಿಟಾರ್‌ನ ದನಿ ಕಾಲಿನ ಕೆಳಗೆ ನೆಲದಲ್ಲೇ ಗೊತ್ತಾಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿ ನಿಂತಿದ್ದರು. ತುಣುಕು ನಿಂತಾಗ ಯಾರೂ ಏನೂ ಅನ್ನಲಿಲ್ಲ. ಟಕ್ ಅಂತ ಬಟನ್ ಎದ್ದ ಸದ್ದು ನನ್ನೊಬ್ಬನಿಗೇ ಕೇಳಿಸಿತು.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದ ಪ್ರಶ್ನೆ ನನ್ನನ್ನು ನಿಲ್ಲಿಸಿಬಿಟ್ಟಿತು. “ಅವನೇ ಬೀಗ ಹಾಕಿ ಇಟ್ಟಿದ್ದು. ಗುಟ್ಟನ್ನ ಯಾರಿಗೂ ಹೇಳಿರಲಿಲ್ಲ. ಅದನ್ನ ಒಡೆದು ಕೇಳೋದು ತಪ್ಪು ಅಲ್ವಾ? ಯಾರದೋ ಡೈರಿ ಓದಿದ ಹಾಗೆ?”

ಇದು ಹೊಸ ಪ್ರಶ್ನೆ ಅಲ್ಲ. ಅಭಿಮಾನಿಗಳೇ ಈ ವಿಷಯಕ್ಕೆ ಎರಡು ಪಾಲಾಗಿದ್ದಾರೆ. ನನಗೇ ಎಷ್ಟೋ ದಿನ ಉತ್ತರ ಹೊಳೆದಿರಲಿಲ್ಲ. ಅವತ್ತು ಹೊಳೆದದ್ದು ಅಜ್ಜಿಯ ನೋಟ್‌ಬುಕ್ಕಿನಿಂದ. ಪಾರ್ಕಿಂಗ್‌ನಲ್ಲಿ ಅವರ ಕಾರಿನ ಬಾನೆಟ್ ಮೇಲೆ ಅದನ್ನು ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ವಾಲಿ’. ಅದರ ಮುಂದೆ ಟಿಕ್ ಅರ್ಧ ಮಾತ್ರ ಇತ್ತು. ಕೆಳಗಿಳಿದ ಗೆರೆ ಇದೆ, ಮೇಲಕ್ಕೇರುವ ಗೆರೆ ಇಲ್ಲ.

“ರಾಮಾಯಣದ ವಾಲಿಯಾ?” ಅಂದಳು ಹೆಂಡತಿ ಮೆಲ್ಲಗೆ.

ಅಲ್ಲ. ಪ್ರಿನ್ಸ್‌ನ ತಂಡದಲ್ಲಿ ಕುಣಿಯುತ್ತಿದ್ದ, ಅವನ ಕಾವಲಿಗೂ ಇದ್ದ ವಾಲಿ ಸ್ಯಾಫರ್ಡ್ ಹೆಸರು ಅದು. 1986ರ ಡಿಸೆಂಬರ್. ಸುಸಾನಾ ಮೆಲ್ವೊಯಿನ್ ಜೊತೆಗಿನ ಸಂಬಂಧ ಮುರಿದು ಪ್ರಿನ್ಸ್ ನೊಂದಿದ್ದ. ಗೆಳೆಯನ ಹತ್ತಿರ ಕನ್ನಡಕ ಕೇಳುವ ನೆಪದಲ್ಲಿ ಮನಸ್ಸಿನದನ್ನೆಲ್ಲಾ ಹೇಳಿಕೊಳ್ಳುವ ಹಾಡು ಮಾಡಿದ. ಸೂಸನ್ ರೋಜರ್ಸ್ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ಅವನು ಅಷ್ಟು ತೆರೆದುಕೊಂಡು ಹಾಡಿದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ. ಹಾಡು ಮುಗಿಯಿತು. ಪ್ರಿನ್ಸ್ ಅದನ್ನು ಅಳಿಸಿಬಿಡು ಅಂದ. ಅವರು ಬೇಡ ಅಂತ ಬೇಡಿಕೊಂಡರು. ಅವನು ಕೇಳಲಿಲ್ಲ. ದನಿ, ವಾದ್ಯ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಕೂರುವ 24 ಟ್ರ್ಯಾಕ್‌ನ ಟೇಪಿನಲ್ಲಿ ಅಳಿಸುವುದು ಅಂದರೆ ಎಲ್ಲಾ ಟ್ರ್ಯಾಕ್‌ಗಳನ್ನೂ ರೆಕಾರ್ಡ್‌ಗೆ ಹಾಕಿ, ಏನೂ ನುಡಿಸದೆ ಟೇಪನ್ನು ಮೊದಲಿನಿಂದ ಓಡಿಸುವುದು. ಹಾಡಿನ ಉದ್ದಕ್ಕೂ ಮೌನವನ್ನು ರೆಕಾರ್ಡ್ ಮಾಡಿದ. ಆಮೇಲೆ ಅದೇ ಹಾಡನ್ನು ಮತ್ತೆ ಮಾಡಿದ. ಅದನ್ನು ಅಳಿಸಲಿಲ್ಲ. ‘ಸೈನ್ ಓ ದ ಟೈಮ್ಸ್’ನ 2020ರ ಮರುಬಿಡುಗಡೆಯ ದೊಡ್ಡ ಬಾಕ್ಸ್ ಸೆಟ್‌ನಲ್ಲಿ, ಹೊಸದಾಗಿ ಹೊರಬಂದ 63 ಹಾಡುಗಳ ನಡುವೆ, ಆ ಎರಡನೇ ‘ವಾಲಿ’ ಇದೆ. ಅರ್ಧ ಟಿಕ್ ಅದಕ್ಕೆ.

ನಾನು ಹೆಂಡತಿಗೆ ಹೇಳಿದ್ದು ಇಷ್ಟೇ. ಬೇಡವಾದದ್ದನ್ನು ಅಳಿಸುವುದು ಅವನಿಗೆ ಗೊತ್ತಿತ್ತು. ಅಳಿಸಿದ್ದಾನೆ. ಇಂಜಿನಿಯರ್ ಬೇಡಿಕೊಂಡರೂ ಅಳಿಸಿದ್ದಾನೆ. ಹಾಗಿದ್ದವನು ಉಳಿದದ್ದನ್ನು ಡಬ್ಬಿಗೆ ಹಾಕಿ, ಹೆಸರು ಬರೆಸಿ, ಮೂವತ್ತು ವರ್ಷ ಬೀಗದ ಹಿಂದೆ ಕಾಪಾಡಿದ. ಬೇಡ ಅಂತ ಯಾರಾದರೂ ಹಾಗೆ ಕಾಪಾಡುತ್ತಾರಾ? ಯಾವತ್ತಾದರೂ ಯಾರಾದರೂ ಹೊರಗೆ ತರುತ್ತಾರೆ ಅಂತ ಬದುಕಿದ್ದಾಗ ಅವನೇ ಟಿವಿಯಲ್ಲಿ ಹೇಳಿದ್ದೂ ಉಂಟು. 2010ರಲ್ಲಿ ಪೂರ್ತಿ ಮುಗಿಸಿದ್ದ ‘ವೆಲ್‌ಕಮ್ 2 ಅಮೆರಿಕ’ ಆಲ್ಬಮ್ 2021ರವರೆಗೆ ಹಾಗೇ ಕೂತಿತ್ತು. ಅದು ಕೆಟ್ಟದ್ದು ಅಂತ ಅಲ್ಲ, ಅವನು ಮುಂದಿನದಕ್ಕೆ ಹೋಗಿದ್ದ ಅಷ್ಟೇ.

ಇನ್ನೊಂದು ವಿಷಯ ಇದೆ, ನನಗೆ ಇದು ಇನ್ನೂ ಮುಖ್ಯ. ಟೇಪ್ ಕಲ್ಲಲ್ಲ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಟೇಪುಗಳಲ್ಲಿ ಹಾಡು ಕೂತಿರುವ ಕಂದು ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತೆ. ಹಾಗೇ ಹಾಕಿ ಓಡಿಸಿದರೆ ಪುಡಿ ಕಿತ್ತು ಬರುತ್ತೆ, ಜೊತೆಗೆ ಹಾಡೂ. ಅದಕ್ಕೇ ಅಂಥ ಟೇಪುಗಳನ್ನು ಸುಮಾರು 54 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಅಕ್ಷರಶಃ ಬೇಯಿಸಿ, ತೇವ ಆರಿಸಿ, ಆಮೇಲೆ ಓಡಿಸಿ ಕಾಪಿ ಮಾಡಿಕೊಳ್ಳುತ್ತಾರೆ. ಹಾಗೆ ಬೇಯಿಸಿದ ಟೇಪ್ ಸರಿ ಇರುವುದೂ ಸ್ವಲ್ಪ ದಿನ ಮಾತ್ರ. ಗೌರವ ಅಂತ ಮುಟ್ಟದೆ ಬಿಟ್ಟರೆ ಬೀಗದ ಒಳಗೆ ಕೊನೆಗೆ ಉಳಿಯುವುದು ಪುಡಿ. ಅವನ ಹಾಡುಗಳಿಗೆ ಹಾಗಾಗುವುದು ನನಗೆ ಸಹಿಸೋಕಾಗಲ್ಲ.

ಅವಳು ಒಪ್ಪಿದಳು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಅಜ್ಜಿ ನೋಟ್‌ಬುಕ್ ಮಡಚಿ, ಇಬ್ಬರ ಕೈಯನ್ನೂ ಹಿಡಿದು, ಹೊರಟರು. ಫೋನಿನ ಚೀಲದ ಬೀಗ ತೆಗೆಸಿಕೊಂಡಿದ್ದರೂ ಅವರ ನಂಬರ್ ಕೇಳೋದು ಮರೆತೇ ಹೋಯಿತು.

ಹೆದ್ದಾರಿ 5ರಲ್ಲಿ ವಾಪಸ್ ಬರುವಾಗ ಎರಡನೇ ‘ವಾಲಿ’ ಹಾಕಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಪೂರ್ತಿ ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಮೊದಲನೇದು ಇದಕ್ಕಿಂತ ಚೆನ್ನಾಗಿತ್ತಂತಾ?”

“ಸೂಸನ್ ಹಾಗೇ ಹೇಳ್ತಾರೆ.”

ಸಿಗ್ನಲ್‌ನಲ್ಲಿ ಕಾರು ನಿಂತಿತು. “ಅದರಲ್ಲಿ ಇಷ್ಟೆಲ್ಲಾ ವಾದ್ಯ ಇರಲಿಲ್ಲ ಅನ್ಸುತ್ತೆ,” ಅಂದಳು. “ಪಿಯಾನೋ ಒಂದೇ ಇತ್ತೇನೋ. ಇನ್ನೂ ನಿಧಾನ ಇರಬೇಕು. ಆ ಕನ್ನಡಕ ಕೇಳ್ತಾನಲ್ಲ, ಅಲ್ಲಿ ದನಿ ಸ್ವಲ್ಪ ನಡುಗಿತ್ತೋ ಏನೋ.”

“ಇನ್ನೊಂದ್ಸಲ ಹಾಕ್ರೀ,” ಅಂದಳು.